ದುಡಿದವರ ಶುಲ್ಕ ಕೈಸೇರುವ ಬಗೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರು ಹಣಕಾಸಿನ ಬಗ್ಗೆ ಏನು ಮಾತನಾಡುತ್ತಾರೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಗ್ರಿ ಮುಗಿಸಿ, ತರಬೇತಿ ಪಡೆದು ಪರ್ಸನಲ್ ಟ್ರೈನರ್ ಆದ. ನಸುಕಿನಲ್ಲೇ ಎದ್ದು ಮನೆಮನೆಗೆ ಹೋಗಿ ವ್ಯಾಯಾಮ ಕಲಿಸುತ್ತಿದ್ದ. ಒಂದು ದಿನ ನನ್ನ ಬಳಿ ಬಂದವನ ಮುಖ ಬಾಡಿತ್ತು. ಒಂದು ಮನೆಯವರು ಮೂರು ತಿಂಗಳ ಶುಲ್ಕ, ಒಟ್ಟು 12,000 ರೂಪಾಯಿ, ಕೊಡದೆ ಊರು ಬಿಟ್ಟಿದ್ದರು. ಅವನ ಬಳಿ ಒಂದು ಚೀಟಿಯೂ ಇರಲಿಲ್ಲ. "ಕಸರತ್ತು ಕಲಿಸೋದು ಕಷ್ಟ ಅಲ್ಲ ಸರ್, ಕಾಸು ಕೇಳೋದೇ ಕಷ್ಟ. ಈ ಕೆಲಸವೇ ಬೇಡ ಅನ್ನಿಸಿದೆ" ಎಂದ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನೆನಪಾಯಿತು. ಅಂದು ನಾವಿಬ್ಬರೂ ಕುಳಿತು ಚರ್ಚಿಸಿದ ವಿಷಯವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಮನೆಪಾಠ ಹೇಳುವವರಿಗೂ ಹೊಲಿಗೆ ಕಲಿಸುವವರಿಗೂ ಇದು ಅನ್ವಯಿಸುತ್ತದೆ.

ಮೊದಲನೆಯ ಮಾತು: ಹಣ ಯಾವ ದಾರಿಯಲ್ಲಿ ಬರಬೇಕು ಎನ್ನುವುದಕ್ಕಿಂತ ಮುಂಚೆ, ಯಾವಾಗ ಬರಬೇಕು ಎಂಬುದನ್ನು ನಿರ್ಧರಿಸಿ. ತಿಂಗಳ ಶುಲ್ಕವನ್ನು ತಿಂಗಳ ಆರಂಭದಲ್ಲೇ ಪಡೆಯಿರಿ. ಶುಲ್ಕ ಎಷ್ಟು, ಯಾವ ತಾರೀಖಿನೊಳಗೆ ಕೊಡಬೇಕು, ಗ್ರಾಹಕರು ರಜೆ ಹಾಕಿದರೆ ಏನು, ನೀವು ತಪ್ಪಿಸಿಕೊಂಡರೆ ಏನು, ನಡುವೆ ನಿಲ್ಲಿಸಿದರೆ ಎಷ್ಟು ಹಿಂದಿರುಗಿಸುತ್ತೀರಿ, ಇವನ್ನು ಒಂದು ಹಾಳೆಯಲ್ಲಿ ಬರೆದು ಮೊದಲ ದಿನವೇ ಕೊಡಿ. ಮೊದಲೇ ಹೇಳಿದ ಮಾತಿಗೆ ಆಮೇಲೆ ಸಂಕೋಚಪಡಬೇಕಾಗಿಲ್ಲ.

ಇನ್ನು ದಾರಿಗಳನ್ನು ಒಂದೊಂದಾಗಿ ನೋಡೋಣ.

ನಗದು: ಇದು ಸುಲಭ, ಕೈಗೆ ತಕ್ಷಣ ಬರುತ್ತದೆ. ಆದರೆ ಗುರುತು ಉಳಿಯುವುದಿಲ್ಲ. ಹಾಗೆಂದು ನಗದನ್ನು ನಿರಾಕರಿಸಬೇಡಿ. ಸ್ವಂತ ಬ್ಯಾಂಕ್ ಖಾತೆಯಿಲ್ಲದೆ, ಮನೆಖರ್ಚಿನಲ್ಲಿ ಉಳಿಸಿ ಕೊಡುವ ಗೃಹಿಣಿಯರೂ ಇರುತ್ತಾರೆ. ಕಾರ್ಬನ್ ಹಾಳೆಯ ರಸೀದಿ ಪುಸ್ತಕವೊಂದನ್ನು ಇಟ್ಟುಕೊಳ್ಳಿ. ಒಂದು ಪ್ರತಿ ಅವರಿಗೆ, ಒಂದು ನಿಮಗೆ.

ಚೆಕ್: ಚೆಕ್ಕನ್ನು ಅದರ ಮೇಲಿರುವ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲದೆ ಚೆಕ್ ಮರಳಿದರೆ 1881ರ ಕಾಯ್ದೆಯ 138ನೇ ಕಲಮಿನ ಪ್ರಕಾರ ದೂರು ಹೂಡಬಹುದು, ನಿಜ. ಆದರೆ ನಾಲ್ಕು ಸಾವಿರಕ್ಕಾಗಿ ನ್ಯಾಯಾಲಯಕ್ಕೆ ಅಲೆಯುವವರು ಯಾರು?

ಯುಪಿಐ: 2016ರಲ್ಲಿ ಆರಂಭವಾದ ಈ ವ್ಯವಸ್ಥೆ ಇಂದು ಎಲ್ಲರ ಕೈಯಲ್ಲಿದೆ. ಹಣ ಆಗಲೇ ಖಾತೆಗೆ ಜಮೆಯಾಗುತ್ತದೆ, ತಾರೀಖು ಸಮೇತ ದಾಖಲೆ ಉಳಿಯುತ್ತದೆ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಕಮಿಷನ್ ಇಲ್ಲ. ಮನೆಖರ್ಚಿನ ಹಣದೊಂದಿಗೆ ಬೆರೆಯದಂತೆ ಶುಲ್ಕಕ್ಕೇ ಒಂದು ಪ್ರತ್ಯೇಕ ಖಾತೆಯಿದ್ದರೆ ಲೆಕ್ಕ ಸುಲಭ. ಮಹಿಳಾ ತರಬೇತುದಾರರಿಗೆ ಒಂದು ಕಿವಿಮಾತು: ಮೊಬೈಲ್ ನಂಬರನ್ನೇ ಯುಪಿಐ ವಿಳಾಸವಾಗಿ ಕೊಡಬೇಡಿ. ನಂಬರ್ ಕಾಣದ ವಿಳಾಸ ಮಾಡಿಕೊಳ್ಳಿ, ಇಲ್ಲವೇ ವೃತ್ತಿಗೆ ಬೇರೆ ಸಿಮ್ ಇಡಿ.

ಗ್ರಾಹಕರು ಹೆಚ್ಚಾದಾಗ 2020ರಲ್ಲಿ ಬಂದ ಯುಪಿಐ ಆಟೋಪೇಯನ್ನು ಯೋಚಿಸಬಹುದು. ಗ್ರಾಹಕರು ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳೂ ಹಣ ತಾನಾಗಿ ಬರುತ್ತದೆ, ಬೇಡವೆಂದಾಗ ಅವರೇ ನಿಲ್ಲಿಸಬಹುದು. ಆದರೆ ಇದಕ್ಕೆ ಪಾವತಿ ಕಂಪನಿಯೊಂದರಲ್ಲಿ ನೋಂದಾಯಿಸಿಕೊಳ್ಳಬೇಕು. ಕಾರ್ಡ್ ಯಂತ್ರಕ್ಕೆ ಬಾಡಿಗೆ, ಕ್ರೆಡಿಟ್ ಕಾರ್ಡಿಗೆ ಕಮಿಷನ್ ತೆರಬೇಕಾಗುತ್ತದೆ. ಶೇ. 2 ಎಂದುಕೊಂಡರೂ 4,000ಕ್ಕೆ 80 ರೂಪಾಯಿ ಹೋಯಿತು. ಐದಾರು ಗ್ರಾಹಕರಿರುವವರಿಗೆ ಇವೆರಡೂ ಬೇಕಿಲ್ಲ.

ಮೋಸದ ಬಗ್ಗೆಯೂ ಎಚ್ಚರವಿರಲಿ. "ಹಣ ಹಾಕಿದ್ದೇನೆ" ಎಂದು ತೋರಿಸುವ ಸ್ಕ್ರೀನ್‌ಶಾಟ್ ರಸೀದಿಯಲ್ಲ; ನಿಮ್ಮ ಖಾತೆಯಲ್ಲಿ ಜಮೆ ಕಂಡರೆ ಮಾತ್ರ ಹಣ ಬಂದಂತೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎಂದು ಯಾರಾದರೂ ಹೇಳಿದರೆ ಅದು ವಂಚನೆಯೆಂದೇ ತಿಳಿಯಿರಿ.

ಈಗ ತೆರಿಗೆಯ ಭಯದ ಮಾತು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿಯ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ "ನಗದು ಮಾತ್ರ" ಎಂಬ ಚೀಟಿ ಕಾಣಿಸಿಕೊಂಡಿತು. ನನ್ನ ವಿದ್ಯಾರ್ಥಿಯೂ ಹೆದರಿದ್ದ. ಸೇವೆ ನೀಡುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆರು ಗ್ರಾಹಕರಿಂದ ತಲಾ 4,000 ಬಂದರೆ ವರ್ಷಕ್ಕೆ 2,88,000 ರೂಪಾಯಿ. ಹೆದರಿಕೆ ಎಲ್ಲಿಂದ ಬಂತು? ಇನ್ನೊಂದು ಮಾತು, ಹಣ ನಗದಾಗಿ ಬಂದರೂ ಅದು ಆದಾಯವೇ. ದಾರಿ ಬದಲಿಸಿದರೆ ಲೆಕ್ಕ ಬದಲಾಗುವುದಿಲ್ಲ. ಬದಲಾಗಿ, ಖಾತೆಯಲ್ಲಿ ಶುದ್ಧವಾದ ಲೆಕ್ಕವಿದ್ದರೆ ನಾಳೆ ಸ್ವಂತ ವ್ಯಾಯಾಮ ಶಾಲೆಗೆ ಸಾಲ ಕೇಳುವಾಗ ಬ್ಯಾಂಕಿನವರ ಮುಂದೆ ಇಡಲು ಅದೇ ನಿಮ್ಮ ಆಧಾರ.

ಭಾಷಾ ಶಿಕ್ಷಕನಾಗಿ ಒಂದು ಮಾತು ಸೇರಿಸುತ್ತೇನೆ. ನಗದು, ಜಮಾ, ಬಾಕಿ, ವಸೂಲಿ, ರಸೀದಿ ಇವೆಲ್ಲ ಅರಬಿ, ಪಾರಸಿ ಮೂಲದಿಂದ ಬಂದು ಕನ್ನಡದವೇ ಆಗಿಬಿಟ್ಟ ಪದಗಳು. ಲೆಕ್ಕದ ಮಾತುಗಳನ್ನು ದಿನವೂ ಆಡುವ ನಾವು ಲೆಕ್ಕ ಕೇಳಲು ಮಾತ್ರ ನಾಚುತ್ತೇವೆ. ದುಡಿದದ್ದನ್ನು ಕೇಳುವುದು ದುರಾಸೆಯಲ್ಲ.

ನನ್ನ ವಿದ್ಯಾರ್ಥಿ ವೃತ್ತಿ ಬಿಡಲಿಲ್ಲ. ಕಳೆದುಹೋದ 12,000 ಮರಳಿ ಬರಲಿಲ್ಲ, ಆದರೆ ಇಂದು ಅವನ ಚೀಲದಲ್ಲಿ ನಿಯಮದ ಹಾಳೆ, ಕ್ಯೂಆರ್ ಕಾರ್ಡ್, ರಸೀದಿ ಪುಸ್ತಕ ಮೂರೂ ಇವೆ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಶುಲ್ಕ ಬರುತ್ತಿದೆ.

ಕೊನೆಯದಾಗಿ, ಪೋಷಕರೇ, ಹಿರಿಯರೇ, ನಿಮ್ಮಲ್ಲೂ ಒಂದು ವಿನಂತಿ. ನಿಮ್ಮ ಮನೆಗೆ ಕಲಿಸಲು ಬರುವ ಹುಡುಗನೋ ಹುಡುಗಿಯೋ ತಾನಾಗಿ ಬಾಯಿ ಬಿಟ್ಟು ಕೇಳುವವರೆಗೆ ಕಾಯಬೇಡಿ. ಹೇಳಿದ ದಿನಕ್ಕೆ ಶುಲ್ಕ ಕೊಟ್ಟುಬಿಡಿ.