ಮಹಿಳಾ ಸಂಘಗಳ ನಾಯಕತ್ವ ಮತ್ತು ಸದಸ್ಯೆಯರ ಸಂಸಾರ

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾಯಕತ್ವ ಎಂದ ಕೂಡಲೇ ವೇದಿಕೆ, ಹಾರ, ಮೈಕು ನೆನಪಾಗುತ್ತವೆ. ಹಾಲಿನ ಸಂಘದಲ್ಲಿ ಅದು ಇರುವುದು ಬೇರೆ ಕಡೆ. ಬೆಳಿಗ್ಗೆ ಎಷ್ಟು ಗಂಟೆಗೆ ಹಾಲು ಅಳೆಯಬೇಕು, ಸಭೆ ಯಾವ ಹೊತ್ತಿಗೆ ಎಂಬುದನ್ನು ಯಾರನ್ನು ಕೇಳಿ ತೀರ್ಮಾನಿಸುತ್ತೀರಿ ಎಂಬುದರಲ್ಲಿದೆ.

ಸದಸ್ಯೆಯ ದಿನಚರಿ ನಿಮಗೆ ಗೊತ್ತಿಲ್ಲದ್ದೇನಲ್ಲ. ನಸುಕಿನಲ್ಲೆದ್ದು ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹಾಕಿ ಬರುವಷ್ಟರಲ್ಲಿ ಒಲೆ ಹಚ್ಚುವ ಹೊತ್ತು ಮೀರಿರುತ್ತದೆ. ಮಕ್ಕಳ ಶಾಲೆ, ಅತ್ತೆಯ ಔಷಧಿ, ಹಸಿಮೇವು. ಸಂಜೆ ಮತ್ತೆ ಅದೇ ಸುತ್ತು. ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

ಇಂಥವಳನ್ನು ರಾತ್ರಿ 7 ಗಂಟೆಗೆ ಸಭೆಗೆ ಕರೆದರೆ ಆಕೆ ಬರುವುದಿಲ್ಲ, ಗಂಡ ಬರುತ್ತಾನೆ. ಕೆಲವೆಡೆ ಅದೂ ಇಲ್ಲ. ನಡಾವಳಿ ಪುಸ್ತಕವನ್ನೇ ಮನೆಗೆ ಕಳಿಸಿ ಸಹಿ ಹಾಕಿಸುತ್ತಾರೆ. ಆಮೇಲೆ ಹೆಂಗಸರಿಗೆ ಆಸಕ್ತಿಯಿಲ್ಲ ಎಂಬ ದೂರು ಬೇರೆ! ಮಧ್ಯಾಹ್ನ 2 ಗಂಟೆಗೆ ಕರೆದು ನೋಡಿ. ಅಂಗನವಾಡಿಯ ಪಕ್ಕದಲ್ಲಾದರೆ ಇನ್ನೂ ಒಳ್ಳೆಯದು.

ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಹಾಲು ಮಹಾಮಂಡಲದ ಮೂಲಕ ನೂರಾರು ಮಹಿಳಾ ಸಂಘಗಳಾದವು. ಆದರೆ ನಾಮಫಲಕದಲ್ಲಿ ಮಹಿಳಾ ಎಂದು ಬರೆದ ಮಾತ್ರಕ್ಕೆ ನಡೆಸುವ ರೀತಿ ಬದಲಾಗುವುದಿಲ್ಲ. ಹೆಣ್ಣೇ ಅಧ್ಯಕ್ಷೆಯಾಗಿದ್ದರೂ ಗದರಿಸಿ ಆಳುವವರಿದ್ದಾರೆ. ತಡವಾಗಿ ಬಂದವಳ ಹಾಲನ್ನು ತಿರುಗಿಸಿ ಕಳಿಸುತ್ತಾರೆ. ಹಾಲನ್ನು ಬೇಗ 4 ಡಿಗ್ರಿಗೆ ತಂಪು ಮಾಡದಿದ್ದರೆ ಕೆಡುತ್ತದೆ, ವಾಹನ ಕಾಯುವುದಿಲ್ಲ, ಒಪ್ಪುತ್ತೇನೆ. ಏಕೆ ತಡವಾಯಿತಮ್ಮಾ ಎಂದು ಕೇಳುವುದಕ್ಕೆ ವಾಹನವೇನೂ ಅಡ್ಡ ಬರುವುದಿಲ್ಲವಲ್ಲ! ಕೇಳಿದರೆ ಮನೆಯಲ್ಲಿ ಬಾಣಂತಿ ಇರುವುದೋ ಕೂಸಿಗೆ ಜ್ವರ ಬಂದಿರುವುದೋ ತಿಳಿಯುತ್ತದೆ. ನಾಲ್ಕು ದಿನ ನೆರೆಮನೆಯವಳು ಅವಳ ಪಾತ್ರೆಯನ್ನೂ ತರುವ ಏರ್ಪಾಡು ಮಾಡಬಹುದು. ಎರಡು ಮನೆಯ ಹಾಲು ಮಾತ್ರ ಬೆರೆಸಬಾರದು. ಬೇರೆಯಾಗಿ ಅಳೆದು, ಕೊಬ್ಬಿನಂಶ ನೋಡಿ, ಅವಳ ಪುಸ್ತಕಕ್ಕೇ ಬರೆಯಬೇಕು. ಕಚೇರಿಯಲ್ಲಿ ದುಡಿಯುವವರಿಗೆ ಹೆರಿಗೆ ರಜೆ ಉಂಟು. ಹಸು ಕಟ್ಟಿದವಳಿಗೆ ಇರುವುದು ಇಷ್ಟೇ.

ಇನ್ನೊಂದು ಮಾತು. ಹಸು ಬೆದೆಗೆ ಬಂದದ್ದು ಮೊದಲು ಕಾಣುವುದು ಕೊಟ್ಟಿಗೆಯಲ್ಲಿ ದುಡಿಯುವವಳಿಗೆ. ಸಂಜೆ ಬೆದೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಆಗಬೇಕು. ಮನೆಯ ಗಂಡಸು ಬಂದು ಹೇಳಲಿ ಎಂದು ಕಾದರೆ ಮತ್ತೆ 21 ದಿನ ಹೋಯಿತು; ಅಷ್ಟು ದಿನದ ಹಿಂಡಿ, ಮೇವು, ಅವಳ ದುಡಿಮೆ ಎಲ್ಲ ದಂಡ. ಆಕೆಯೇ ಕಾರ್ಯಕರ್ತರಿಗೆ ನೇರವಾಗಿ ತಿಳಿಸುವ ಪದ್ಧತಿಯನ್ನು ಅಧ್ಯಕ್ಷೆ ರೂಢಿಗೆ ತರಬೇಕು. ಹಾಲಿನ ಹಣ ಆಕೆಯ ಹೆಸರಿನ ಖಾತೆಗೇ ಹೋಗಲಿ. 50 ಕೆ.ಜಿ. ಪಶು ಆಹಾರದ ಚೀಲವನ್ನು ಮನೆ ಬಾಗಿಲಿಗೆ ಇಳಿಸುವುದೂ ಸಂಘಕ್ಕೆ ದೊಡ್ಡ ಖರ್ಚಲ್ಲ.

ಊರಿಗೆ ಮರಳಿ ಮುಂದಿನ ಸಭೆಯ ನೋಟೀಸು ಬರೆಯುವಾಗ ಸಮಯದ ಜಾಗ ಖಾಲಿ ಬಿಡಿ. ಬೆಳಿಗ್ಗೆ ಹಾಲು ಹಾಕಲು ಸಾಲಿನಲ್ಲಿ ನಿಂತವರನ್ನು ಕೇಳಿ ಭರ್ತಿ ಮಾಡಿ.