ಸುವರ್ಣಗಿರಿ ಯಾವುದು?



ಕೃಷ್ಣೆಗೂ ತುಂಗಭದ್ರೆಗೂ ನಡುವಣ ರಾಯಚೂರು ಸೀಮೆಯಲ್ಲಿ ಬೆಟ್ಟಗಳು ಸಾಲುಗಟ್ಟಿ ನಿಂತಿಲ್ಲ. ಎರೆಯ ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಬಂಡೆಗಲ್ಲಿನ ಗುಡ್ಡ ಥಟ್ಟನೆ ತಲೆಯೆತ್ತುತ್ತದೆ. ಅಂತಹುದೊಂದು ಗುಡ್ಡದ ಮೇಲೆಯೇ ರಾಯಚೂರಿನ ಕೋಟೆಯ ಮೇಲ್ದುರ್ಗವಿರುವುದು. ದೇವದುರ್ಗವಂತೂ ದುರ್ಗವನ್ನು ಹೆಸರಿನಲ್ಲಿಯೇ ಹೊತ್ತಿದೆ. ಮಾನ್ವಿಯಿಂದ ನೇರ ಪಡುವಲಿಗೆ ಸಾಗಿದರೆ ಮಸ್ಕಿ. ಅಲ್ಲಿಯ ಬೆಟ್ಟಕ್ಕೆ ದುರ್ಗದ ಗುಡ್ಡವೆಂದೇ ಹೆಸರು. ನಮ್ಮ ಜನರು ಗುಡ್ಡವನ್ನು ಅದರ ಎತ್ತರದಿಂದ ಹೆಸರಿಸಿದವರಲ್ಲ. ಅದು ಯಾವುದಕ್ಕೆ ಒದಗಿತೋ ಅದರಿಂದ ಹೆಸರಿಸಿದವರು.

ಆದರೆ ಈ ಸೀಮೆಯ ಒಂದು ಹೆಸರು ಮಾತ್ರ ತನ್ನ ಬೆಟ್ಟವನ್ನು ಕಳೆದುಕೊಂಡು ಅಲೆಯುತ್ತಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡರು. ಆ ಆಜ್ಞೆಯು ಇಸಿಲದ ಅಧಿಕಾರಿಗಳಿಗೆ ಬಂದುದು ಸುವರ್ಣಗಿರಿಯಿಂದ, ಅಲ್ಲಿದ್ದ ಆರ್ಯಪುತ್ರನ ಕಡೆಯಿಂದ. ಮೌರ್ಯರ ದಕ್ಷಿಣದ ಆಡಳಿತವೆಲ್ಲ ನಡೆದ ಈ ಚಿನ್ನದ ಬೆಟ್ಟವೆಲ್ಲಿ?

1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯ ಗುಡ್ಡದಲ್ಲಿ ಅಶೋಕನ ಇನ್ನೊಂದು ಶಾಸನವನ್ನು ಕಂಡರು. ಅದನ್ನು ಪ್ರಕಟಿಸಿದ ಎಚ್. ಕೃಷ್ಣಶಾಸ್ತ್ರಿಗಳು ಮಸ್ಕಿಯೇ ಸುವರ್ಣಗಿರಿಯೆಂದು ಊಹಿಸಿದರು. ಕೆಲವರು, ಹೆಸರಿನ ಅರ್ಥ ಒಂದೇ ಆಯಿತಲ್ಲ ಎಂದು, ದಕ್ಷಿಣದ ಕನಕಗಿರಿಯನ್ನು ಹಿಡಿದರು. ಮತ್ತೆ ಕೆಲವರ ಮತ ಆಂಧ್ರದ ಜೊನ್ನಗಿರಿಯ ಕಡೆಗೆ. ಅದರ ನೆರೆಯಲ್ಲಿಯೇ ಎರ್ರಗುಡಿಯ ಶಾಸನಗಳುಂಟು, ಚಿನ್ನವೂ ಉಂಟು.

ಅರ್ಥಸಾಮ್ಯವೊಂದನ್ನೇ ನಂಬುವುದು ನಮಗೆ ಒಪ್ಪದು. ಹಾಗೆ ಹೊರಟರೆ ಹೊನ್ನಿನ ಹೆಸರುಳ್ಳ ಪ್ರತಿಯೊಂದು ಊರೂ ರಾಜಧಾನಿಯಾದೀತು! ನೆಲವನ್ನು ಕೇಳುವುದು ಮೇಲು. ಮಸ್ಕಿಯಿಂದ ಹಟ್ಟಿಯವರೆಗೆ ಕಪ್ಪು ಪದರಗಲ್ಲಿನ ಪಟ್ಟಿಯೊಂದು ಹಾದಿದೆ; ಚಿನ್ನವಿರುವುದು ಅದರಲ್ಲಿ, ಬಂಡೆಗುಡ್ಡಗಳಲ್ಲಿ ಅಲ್ಲ. ಹಟ್ಟಿಯ ಪುರಾತನ ಗಣಿಗಳಲ್ಲಿ ದೊರೆತ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಅವು ಸುಮಾರು 2000 ವರ್ಷ ಹಳೆಯವೆಂದು ತಿಳಿದುಬಂದಿತು. ಆದುದರಿಂದ ಚಿನ್ನದ ಬೆಟ್ಟವು ತನ್ನ ಒಡಲಲ್ಲಿ ಚಿನ್ನವಿಲ್ಲದೆಯೂ ಆ ಹೆಸರನ್ನು ಪಡೆದಿರಬಹುದು. ಅಗೆಯುವವರು ಕೆಳಗೆ, ಆಳುವವರು ಮೇಲೆ. ಈ ಲೆಕ್ಕದಲ್ಲಿ ಮಸ್ಕಿಯ ಪಕ್ಷ ಬಲವಾಗಿಯೇ ಕಾಣುತ್ತದೆ.

ಎದುರು ಮಾತೂ ಉಂಟು. ಚಾಲುಕ್ಯರ ಕಾಲದ ಶಾಸನದಲ್ಲಿ ಈ ಊರು ಪಿರಿಯ ಮೊಸಂಗಿ. ಮಸ್ಕಿಯೆಂಬುದು ಅದರ ಸವೆದ ರೂಪ. ಸುವರ್ಣದ ಸುಳಿವು ಅದರಲ್ಲಿಲ್ಲ. ರಾಜಪೀಠ ಮುಳುಗಿದೊಡನೆ ಅದರ ಸಂಸ್ಕೃತ ಹೆಸರು ಮುಳುಗಿ, ಒಕ್ಕಲು ಮಕ್ಕಳ ನುಡಿಯ ಹೆಸರು ಉಳಿಯಿತೆಂದು ಹೇಳಬಹುದು. ಆದರೆ ಅದು ಸಮಾಧಾನ, ಸಾಕ್ಷಿಯಲ್ಲ. 1954ರಲ್ಲಿ ಬಿ. ಕೆ. ಥಾಪರ್ ಅವರು ಅಲ್ಲಿ ಉತ್ಖನನ ನಡೆಸಿದರು. ವ್ಯಾಜ್ಯ ಅದರಿಂದಲೂ ತೀರಲಿಲ್ಲ.

ತನ್ನ ಹೆಸರಿಗೆ ಇಷ್ಟು ತಕರಾರುಳ್ಳ ಈ ಗುಡ್ಡವು ಬೇರೊಬ್ಬರ ಹೆಸರನ್ನು ಮಾತ್ರ ಖಚಿತಗೊಳಿಸಿತು. 1837ರಿಂದ ವಿದ್ವಾಂಸರು ಶಾಸನಗಳ ದೇವಾನಾಂಪ್ರಿಯನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ತರ್ಕಿಸುತ್ತಿದ್ದರು. ಮಸ್ಕಿಯ ಬಂಡೆಯ ಮೊದಲ ಸಾಲಿನಲ್ಲಿಯೇ ಆ ಬಿರುದಿನ ಪಕ್ಕದಲ್ಲಿ ಅಶೋಕನೆಂಬ ಹೆಸರು ಬ್ರಾಹ್ಮೀ ಲಿಪಿಯಲ್ಲಿ ಕೊರೆದಿದೆ.