ಹೊಸ ಮನೆಗೆ ನಲ್ಲಿ ನೀರು
(ರೈತರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಊರುಗಳು ಬೆಳೆಯುತ್ತಿವೆ. ಅಣ್ಣತಮ್ಮಂದಿರು ಪಾಲಾದರೆ ಹಿತ್ತಲಲ್ಲೊಂದು ಮನೆ ಏಳುತ್ತದೆ. ಊರಾಚೆಯ ಹೊಲ ನಿವೇಶನಗಳಾಗಿ ಹೊಸ ಬಡಾವಣೆಯಾಗುತ್ತದೆ. ಗೃಹಪ್ರವೇಶವೂ ಮುಗಿಯುತ್ತದೆ, ಆದರೆ ನಲ್ಲಿ ಮಾತ್ರ ಬರುವುದಿಲ್ಲ. ಅದು ಬರುವ ತನಕ ಕೊಡ ಹೊರುವವರು ಯಾರು? ಮನೆಯ ತಾಯಂದಿರು, ಶಾಲೆ ಬಿಟ್ಟು ಬಂದ ಹೆಣ್ಣುಮಕ್ಕಳು.

ಇಷ್ಟು ತಡವೇಕೆ? ಬೀದಿಯ ಕೊಳವೆಯಿಂದ ಮನೆಗೆ ಪೈಪು ಜೋಡಿಸುವುದು ಒಂದು ದಿನದ ಕೆಲಸ. ತಡವಾಗುವುದು ಅದಕ್ಕೆ ಮುಂಚಿನ ಕೆಲಸಗಳಲ್ಲಿ. ಲೆಕ್ಕ ಹಾಕಿ ನೋಡೋಣ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದದ್ದು, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರೆಂದು ಗೊತ್ತುಮಾಡಿತು. ಐದು ಜನರ ಮನೆಗೆ 275 ಲೀಟರ್ ಆಯಿತು. 40 ಮನೆಗಳ ಬಡಾವಣೆಗೆ ದಿನಕ್ಕೆ 11,000 ಲೀಟರ್. ಇಷ್ಟು ಹೆಚ್ಚಿನ ನೀರು ಊರ ಕೊಳವೆಬಾವಿಯಲ್ಲಿ ಉಂಟೇ? ಟ್ಯಾಂಕು ಹಿಡಿಸುತ್ತದೆಯೇ? ಇಲ್ಲವೆಂದರೆ ಹೊಸ ಬಾವಿ, ಹೊಸ ಟ್ಯಾಂಕು ಬೇಕು. ಅದಕ್ಕೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು. ಇಲ್ಲಿಯೇ ತಿಂಗಳುಗಳು ಉರುಳುತ್ತವೆ.

ನೀರಿದ್ದರೂ ಸಾಲದು. ಕಾಲುವೆಯ ಕೊನೆಯ ಹೊಲದವರ ಪಾಡು ನಿಮಗೆ ಗೊತ್ತು. ನಲ್ಲಿಯದೂ ಹಾಗೆಯೇ. ಬಡಾವಣೆ ದಿಬ್ಬದ ಮೇಲಿದ್ದರೆ ತಗ್ಗಿನ ಟ್ಯಾಂಕಿನ ನೀರು ಅಲ್ಲಿಗೆ ಏರದು. ಎರಡಂಗುಲದ ಕೊಳವೆಗಿಂತ ಮೂರಂಗುಲದ ಕೊಳವೆಯ ಬಾಯಿ ಎರಡು ಪಟ್ಟಿಗೂ ಮಿಗಿಲು. ಕೊಳವೆ ಸಣ್ಣದಾದರೆ ಕೊನೆಯ ಮನೆಗೆ ಗಾಳಿಯೇ ಗತಿ.

ಮನೆ ಮೊದಲು, ನೀರು ಆಮೇಲೆ ಎಂದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಅದರ ಸುತ್ತಲಿನ 110 ಹಳ್ಳಿಗಳು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದವು. ಆ ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ 5ನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ! ಮನೆಗಳು ಅಷ್ಟು ವರ್ಷ ಕಾಯಲಿಲ್ಲ. ಜನ ಕೊಳವೆಬಾವಿ ಕೊರೆಸಿದರು, ಟ್ಯಾಂಕರ್ ನೀರಿಗೆ ಹಣ ತೆತ್ತರು. ಬಾಯಾರಿದಾಗ ಬಾವಿ ತೋಡಿದಂತಾಯಿತು.

ಹಾಗಾದರೆ ನಾವು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಪಾಯ ತೆಗೆಯುವ ಮುಂಚೆಯೇ ನೀರಿನ ವಿಚಾರ ಮಾಡಿ. ನಿವೇಶನ ಕೊಳ್ಳುವವರು ಬಡಾವಣೆಗೆ ಅನುಮೋದನೆ ಆಗಿದೆಯೇ, ನೀರಿನ ಕೊಳವೆ ಎಲ್ಲಿಯವರೆಗೆ ಬಂದಿದೆ ಎಂದು ಪಂಚಾಯಿತಿಯಲ್ಲಿ ಕೇಳಿ, ಆಮೇಲೆ ಹಣ ಕೊಡಿ.

ಎರಡನೆಯದಾಗಿ, ಒಬ್ಬೊಬ್ಬರೇ ಅಲೆಯಬೇಡಿ. ಬೀದಿಯವರೆಲ್ಲ ಕೂಡಿ ಮನೆ ಎಷ್ಟು, ಜನ ಎಷ್ಟು ಎಂದು ಪಟ್ಟಿ ಮಾಡಿ. ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಆ ಕೆಲಸ ಸೇರಿತೇ ಎಂದು ನೋಡಿಕೊಳ್ಳಿ. ಯೋಜನೆಗೆ ಸೇರದ ಕೆಲಸಕ್ಕೆ ಹಣ ಸಿಗುವುದು ಕಷ್ಟ.

ಮೂರನೆಯದಾಗಿ, ಬೀದಿಗೆ ಕಾಂಕ್ರೀಟು ಹಾಕುವ ಮೊದಲೇ ಕೊಳವೆ ಹೂಳಿಸಿ. ಹಾಕಿದ ರಸ್ತೆ ಒಡೆಯುವುದು ಎರಡು ಸಲದ ಖರ್ಚು.

ನಾಲ್ಕನೆಯದಾಗಿ, ಬೇಸತ್ತು ಕೊಳವೆಗೆ ಕಳ್ಳ ತೂತು ಕೊರೆಯಬೇಡಿ. ನೀರು ನಿಂತ ಹೊತ್ತಿನಲ್ಲಿ ಚರಂಡಿಯ ಕೊಳೆ ಅದೇ ತೂತಿನಿಂದ ಒಳಸೇರಿ ಇಡೀ ಬೀದಿಗೆ ವಾಂತಿಭೇದಿ ತರಬಹುದು.

ತಾಯಂದಿರೇ, ನಿಮಗೊಂದು ಮಾತು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರಿರಬೇಕೆಂದು ಜಲಜೀವನ್ ಮಿಷನ್ನಿನ ಮಾರ್ಗಸೂಚಿ ಹೇಳಿದೆ. ಕೊಡದ ಭಾರ ಬಲ್ಲವರು ನೀವು. ಆ ಸಮಿತಿಯಲ್ಲಿ ಹೆಸರಿಗಷ್ಟೇ ಇರದೆ ಬಾಯಿಬಿಟ್ಟು ಕೇಳಿ.

ಬಿತ್ತುವ ಮುಂಚೆ ಹದ ನೋಡುವ ನಮಗೆ, ಕಟ್ಟುವ ಮುಂಚೆ ನೀರು ನೋಡುವುದು ಕಷ್ಟವಲ್ಲ. ಮುಂದಿನ ಗ್ರಾಮಸಭೆಗೆ ಬರುವಾಗ ನಿಮ್ಮ ಬೀದಿಯ ಪಟ್ಟಿ ಹಿಡಿದೇ ಬನ್ನಿ.